ಹಳೆಯ ಅಕ್ಕಿಯನ್ನು ನಾಲಗೆ ಬಲ್ಲದೆ?

ಬೆಳಗಾವಿಯ ರವಿವಾರ ಪೇಟೆಯ ಯಾವುದಾದರೊಂದು ಕಿರಾಣಿ ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಅಕ್ಕಿಯ ವಯಸ್ಸನ್ನು ಕುರಿತ ಮಾತು ಕಿವಿಗೆ ಬೀಳದೆ ಇರದು. “ಇದು ಹ್ವಾದ ವರ್ಷದ್ದರಿ, ಅನ್ನ ಉದುರುದುರಾಗಿ ಆಗ್ತದ” ಎಂದು ಅಂಗಡಿಯವರು ಹೇಳುತ್ತಾರೆ. ಕೊಳ್ಳುವವರು ಒಂದು ಹಿಡಿ ಅಕ್ಕಿಯನ್ನು ಅಂಗೈಯ ಮೇಲೆ ಹರಡಿ, ಮೂಸಿ, ಎರಡು ಕಾಳನ್ನು ಹಲ್ಲಿನಲ್ಲಿ ಕಡಿದು, ಹೌದೆಂದೋ ಅಲ್ಲವೆಂದೋ ತಲೆಯಾಡಿಸುತ್ತಾರೆ. ಹಳೆಯದೆಂದು ಹೆಸರಾದ ಅಕ್ಕಿಗೆ ಬೆಲೆ ಹೆಚ್ಚು. ಹೆಚ್ಚಿನ ಹಣವನ್ನು ಕೊಟ್ಟು ತಂದ ಅಕ್ಕಿಯ ಅನ್ನವನ್ನು ಉಣ್ಣುವಾಗ “ಹಳೇ ಅಕ್ಕಿಯ ರುಚಿಯೇ ಬೇರೆ” ಎಂದು ಮನೆಮಂದಿಯೆಲ್ಲ ಒಪ್ಪುವುದೂ ವಾಡಿಕೆ. ಆ ರುಚಿ ಅನ್ನದಲ್ಲಿದೆಯೋ, ಕೊಟ್ಟ ಹಣದಲ್ಲಿದೆಯೋ ಎಂದು ಕೇಳುವವರು ಮಾತ್ರ ವಿರಳ.

ರುಚಿಯ ವಿಷಯದಲ್ಲಿ ವಿಜ್ಞಾನಕ್ಕೇನು ಕೆಲಸ, ಅವರವರ ನಾಲಗೆ ಅವರವರದು, ಎಂದು ವಾದಿಸುವವರುಂಟು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ‘ಈ ಅನ್ನ ನನಗೆ ಇಷ್ಟ’ ಎಂಬ ಮಾತನ್ನು ಯಾರೂ ಪ್ರಶ್ನಿಸಲಾಗದು. ಆದರೆ ‘ಇದು ಹಳೆಯ ಅಕ್ಕಿಯ ಅನ್ನ, ತಿಂದರೆ ನನಗೆ ತಿಳಿಯುತ್ತದೆ’ ಎಂಬುದು ಇಷ್ಟಾನಿಷ್ಟದ ಮಾತಲ್ಲ. ಅದು ನಿಜವಾಗಿರಬೇಕು, ಇಲ್ಲವೆ ಸುಳ್ಳಾಗಿರಬೇಕು. ತೂಕವನ್ನು ತಕ್ಕಡಿಯಿಂದ ಪರೀಕ್ಷಿಸುವಂತೆ ಈ ಮಾತನ್ನೂ ಪರೀಕ್ಷಿಸಬಹುದು. ಅದಕ್ಕೆ ಬೇಕಾದ ಉಪಕರಣಗಳು ಮೂರು ಬಟ್ಟಲು ಮತ್ತು ಕಣ್ಣಿಗೆ ಕಟ್ಟಲು ಒಂದು ವಸ್ತ್ರ, ಅಷ್ಟೆ.

ಹಳೆಯದಾದಂತೆ ಅಕ್ಕಿಯಲ್ಲಿ ಬದಲಾವಣೆ ಆಗುವುದಂತೂ ನಿಶ್ಚಯ. ಅಕ್ಕಿಯ ಬಹುಪಾಲು ಪಿಷ್ಟ. ನೂರಕ್ಕೆ ಏಳೆಂಟು ಪಾಲು ಪ್ರೋಟೀನು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕೊಬ್ಬು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಭತ್ತವನ್ನು ಕೂಡಿಟ್ಟಾಗ ಪಿಷ್ಟದ ಮೊತ್ತ ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ. ಆದರೆ ಪಿಷ್ಟದ ಕಣಗಳನ್ನು ಸುತ್ತುವರಿದ ಪ್ರೋಟೀನಿನ ಅಣುಗಳ ನಡುವೆ ಗಂಧಕದ ಪರಮಾಣುಗಳ ಮೂಲಕ ಹೊಸ ಕೊಂಡಿಗಳು ಬಿಗಿದುಕೊಳ್ಳುತ್ತವೆ. ಅತ್ಯಲ್ಪವಾದ ಆ ಕೊಬ್ಬು ಒಡೆದು ಆಮ್ಲಗಳಾಗುತ್ತದೆ. ಇದರ ಫಲವಾಗಿ ಕಾಳು ಗಟ್ಟಿಯಾಗುತ್ತದೆ. ಬೇಯುವಾಗ ಹೆಚ್ಚು ನೀರನ್ನು ಹೀರಿದರೂ ಒಡೆದು ಕರಗುವುದಿಲ್ಲ. ಗಂಜಿಗೆ ಇಳಿಯುವ ಪಿಷ್ಟ ಕಡಮೆಯಾಗಿ ಅನ್ನ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಕುಯ್ಲಾದ ಮೊದಲ ಕೆಲವು ತಿಂಗಳುಗಳಲ್ಲಿ ಈ ಬದಲಾವಣೆ ವೇಗವಾಗಿ ನಡೆದು ಬಳಿಕ ಮಂದವಾಗುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಅದು ಶೀಘ್ರ. ಒಂದು ವರ್ಷ ಕಳೆದ ಧಾನ್ಯ ಲಘು, ಹೊಸ ಧಾನ್ಯ ಗುರು ಎಂಬುದಾಗಿ ಆಯುರ್ವೇದವೂ ಹೇಳುತ್ತ ಬಂದಿದೆ. ಹೀಗಿರಲು ಅಜ್ಜಿಯಂದಿರ ನಂಬಿಕೆ ಬರಿಯ ಕಟ್ಟುಕಥೆಯಲ್ಲ.

ಆದರೆ ಕಥೆಗೆ ಇನ್ನೊಂದು ಮುಖವಿದೆ. ಸುವಾಸನೆಯ ಅಕ್ಕಿಗಳಾದ ಅಂಬೆಮೊಹರ, ಇಂದ್ರಾಯಣಿ, ಬೆಳಗಾವಿಯದೇ ಆದ ಬಾಸಮತಿ ಇವುಗಳ ಪರಿಮಳಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ಸಂಯುಕ್ತ. ಬೆಂದ ಅನ್ನದಲ್ಲಿ ಇದರ ಮಹತ್ತ್ವವನ್ನು 1982ರಲ್ಲಿ ಬಟರಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಸಾವಿರ ಕೋಟಿ ಭಾಗ ನೀರಿನಲ್ಲಿ ಇದರ ಒಂದು ಭಾಗವಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ನಮ್ಮ ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿ ಅದರ ಮುಂದೆ ಕುರುಡು! ಆದರೆ ಈ ಸಂಯುಕ್ತ ಆವಿಯಾಗಿ ಹೋಗುವಂಥದು. ಅಕ್ಕಿ ಹಳೆಯದಾದಂತೆ ಅದು ಕುಂದುತ್ತದೆ. ಅದರ ಬದಲು ಕೊಬ್ಬಿನ ಉತ್ಕರ್ಷಣದಿಂದ ಹುಟ್ಟಿದ ಹೆಕ್ಸನಾಲ್ ಮುಂತಾದವುಗಳ ಮುಗ್ಗಲು ವಾಸನೆ ಸೇರುತ್ತದೆ. ಅಂದಮೇಲೆ ಕಾಲವು ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ‘ಹಳೆಯದು’ ಎಂಬ ಒಂದೇ ಮಾತಿನಿಂದ ‘ಉತ್ತಮ’ ಎಂದು ತೀರ್ಮಾನಿಸುವುದಕ್ಕೆ ಆಧಾರವಿಲ್ಲ. ಇದು ಸಾಲದೆಂಬಂತೆ, ಹೊಸ ಭತ್ತಕ್ಕೆ ಹಬೆ ಕೊಟ್ಟು ಒಣಗಿಸಿದರೂ ಅನ್ನ ಉದುರಾಗುತ್ತದೆ. ಅಂಗಡಿಯಲ್ಲಿ ‘ಸ್ಟೀಮ್’ ಎಂದು ಮಾರುವ ಅಕ್ಕಿ ಇಂಥದೇ. ಉದುರುತನವೊಂದನ್ನೇ ವಯಸ್ಸಿನ ಗುರುತೆಂದು ತಿಳಿದವರು ಸುಲಭವಾಗಿ ಮೋಸಹೋದಾರು.

ಇಷ್ಟು ಸೂಕ್ಷ್ಮವಾದ ಮೂಗು, ನಾಲಗೆಗಳನ್ನು ಹೊತ್ತ ಮನುಷ್ಯನಿಗೆ ದೊಡ್ಡದೊಂದು ದೋಷವಿದೆ: ಮೊದಲೇ ಕೇಳಿದ ಮಾತನ್ನೇ ಅವನ ಇಂದ್ರಿಯಗಳು ಮತ್ತೆ ನುಡಿಯುತ್ತವೆ. ದ್ರಾಕ್ಷಾಮದ್ಯದ ರುಚಿ ನೋಡುವ ಕಲೆಯನ್ನು ಶಾಸ್ತ್ರವನ್ನಾಗಿ ಬೆಳೆಸಿರುವ ಫ್ರಾನ್ಸಿನಲ್ಲಿ ಇದು ಚೆನ್ನಾಗಿ ಬಯಲಾಯಿತು. ಬೋರ್ಡೋ ನಗರದಲ್ಲಿ ಆ ಶಾಸ್ತ್ರವನ್ನು ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ಮದ್ಯಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ಮದ್ಯಕ್ಕೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಈ ಪರೀಕ್ಷೆಯ ವರದಿ 2001ರಲ್ಲಿ ಪ್ರಕಟವಾಯಿತು. ಇದಕ್ಕೂ ಹಿಂದೆ, 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವ್ಯಾಪಾರಿ ಸೀಸೆಗಳ ಹೆಸರನ್ನು ಮುಚ್ಚಿ ಫ್ರೆಂಚ್ ತಜ್ಞರಿಂದ ರುಚಿ ನೋಡಿಸಿದ್ದನು. ಕೆಂಪು ಮದ್ಯಗಳಲ್ಲಿ ಮೊದಲ ಸ್ಥಾನ ಬಂದುದು ಬೋರ್ಡೋವಿನ ಹೆಸರಾಂತ ಮನೆತನಗಳಿಗಲ್ಲ. ಕ್ಯಾಲಿಫೋರ್ನಿಯದ 1973ರ ಒಂದು ಮದ್ಯಕ್ಕೆ. ಹೆಸರು ಕಂಡಿದ್ದರೆ ತೀರ್ಪು ಹಾಗೆ ಬರುತ್ತಿತ್ತೆಂದು ನಂಬುವುದು ಕಷ್ಟ.

ಇದು ರುಚಿನೋಡುವವರ ದೌರ್ಬಲ್ಯ ಮಾತ್ರವೆಂದು ಭೌತಶಾಸ್ತ್ರದವರು ನಗಬೇಕಾಗಿಲ್ಲ. 1903ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ಬ್ಲಾಂಡ್ಲೋ ಎಂಬ ಗೌರವಾನ್ವಿತ ಭೌತವಿಜ್ಞಾನಿಯು ‘ಎನ್-ಕಿರಣ’ಗಳನ್ನು ಕಂಡುಹಿಡಿದೆನೆಂದು ಸಾರಿದನು. ಕತ್ತಲೆಯ ಕೋಣೆಯಲ್ಲಿ ಮಂದವಾದ ಹೊಳಪೊಂದು ತುಸು ಹೆಚ್ಚಾಗುವುದನ್ನು ಕಣ್ಣಿನಿಂದ ಗುರುತಿಸುವುದೇ ಅದರ ಪ್ರಮಾಣ. ಬೇರೆ ಹಲವರೂ ಅದನ್ನು ಕಂಡೆವೆಂದರು. ಮರುವರ್ಷ ಅಮೆರಿಕದ ಆರ್. ಡಬ್ಲ್ಯು. ವುಡ್ ಅಲ್ಲಿಗೆ ಹೋಗಿ, ಕತ್ತಲೆಯಲ್ಲಿ ಉಪಕರಣದ ಅಲ್ಯೂಮಿನಿಯಮ್ ಪಟ್ಟಕವನ್ನೇ ಮೆಲ್ಲಗೆ ತೆಗೆದಿಟ್ಟನು. ಆದರೂ ಕಿರಣಗಳು ಮೊದಲಿನ ಸ್ಥಾನಗಳಲ್ಲಿಯೇ ‘ಕಾಣುತ್ತಲೇ’ ಇದ್ದವು. ಎನ್-ಕಿರಣಗಳ ಕಥೆ ಅಲ್ಲಿಗೆ ಮುಗಿಯಿತು.

ಅಕ್ಕಿಯ ವಿಷಯದಲ್ಲಿ ಪಟ್ಟಕವನ್ನು ತೆಗೆದಿಡುವ ಬಗೆ ಹೇಗೆ? ಮೊದಲ ತೊಡಕು ಅಕ್ಕಿಯದೇ. ಪೇಟೆಯಲ್ಲಿ ಒಂದು ಚೀಲ ಹಳೆಯದು, ಒಂದು ಚೀಲ ಹೊಸದು ಕೊಂಡುತಂದು ಹೋಲಿಸಿದರೆ ಏನೂ ಸಿದ್ಧವಾಗದು; ತಳಿ ಬೇರೆ, ನೆಲ ಬೇರೆ, ಗಿರಣಿ ಬೇರೆ. ವಯಸ್ಸೊಂದು ಮಾತ್ರ ಬೇರೆಯಾಗಿ ಉಳಿದುದೆಲ್ಲ ಒಂದೇ ಆಗಿರಬೇಕು. ಅಂಥ ಅಕ್ಕಿ ಬೆಳಗಾವಿಯ ಅಂಗಡಿಗಳಲ್ಲಿ ದುರ್ಲಭ. ಇಲ್ಲಿಂದ ದಕ್ಷಿಣಕ್ಕಿರುವ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಒಕ್ಕಲಿನ ಮನೆಗಳಲ್ಲಿ ಸುಲಭ. ಒಂದೇ ಗದ್ದೆಯ, ಒಂದೇ ತಳಿಯ, ಎರಡು ಸುಗ್ಗಿಗಳ ಭತ್ತ ಅಲ್ಲಿ ಮನೆಯೊಳಗೇ ದೊರೆಯುತ್ತದೆ. ಎರಡನ್ನೂ ಒಂದೇ ದಿನ ಒಂದೇ ಗಿರಣಿಯಲ್ಲಿ ಅಕ್ಕಿ ಮಾಡಿಸಿದರೆ ನಗರದ ಪ್ರಯೋಗಶಾಲೆಗೂ ಸಿಕ್ಕದ ಸಾಮಗ್ರಿ ಸಿದ್ಧವಾಯಿತು. ಹಳ್ಳಿಯಿಂದ ಬರುವ ವಿದ್ಯಾರ್ಥಿಗೆ ಪಟ್ಟಣದವನಿಗಿಂತ ಇಲ್ಲಿ ಅನುಕೂಲ ಹೆಚ್ಚು ಎಂಬುದನ್ನು ಒತ್ತಿಹೇಳಬೇಕು.

ಎರಡನೆಯ ತೊಡಕು ಬೇಯಿಸುವುದರಲ್ಲಿದೆ. ಹಳೆಯ ಅಕ್ಕಿಗೆ ನೀರು ಹೆಚ್ಚು ಬೇಕು. ಎರಡಕ್ಕೂ ಸಮನಾಗಿ ಅಳೆದು ಹಾಕಿದರೆ ಒಂದು ಅರೆಬೆಂದೀತು. ಬೇರೆ ಬೇರೆ ಹಾಕಿದರೆ ಹೋಲಿಕೆಯೇ ಕೆಟ್ಟೀತು. ಆದುದರಿಂದ ಎರಡನ್ನೂ ಧಾರಾಳವಾದ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿಯುವುದು ಉಚಿತ. ಬೆಳಗಾವಿಯು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 97½ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕರಾವಳಿಯವರು ಹೇಳುವ ನಿಮಿಷಗಳ ಲೆಕ್ಕವನ್ನು ನಂಬಬೇಡಿ. ಆಗಾಗ ಹತ್ತು ಕಾಳುಗಳನ್ನು ತೆಗೆದು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ನೋಡಿ. ಹತ್ತರಲ್ಲಿ ಒಂಬತ್ತರ ನಡುವಣ ಬಿಳಿಯ ಚುಕ್ಕೆ ಮಾಯವಾದರೆ ಅನ್ನ ಬೆಂದಿತೆಂದು ಅರ್ಥ. ಆಯಾ ಅಕ್ಕಿಯನ್ನು ಅದರದರ ಹದದಲ್ಲಿ ಇಳಿಸತಕ್ಕದ್ದು.

ಬಳಿಕ ಮೂರು ಬಟ್ಟಲುಗಳು. ಎರಡರಲ್ಲಿ ಒಂದೇ ಅನ್ನ, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳುವುದಷ್ಟೇ ಕೆಲಸ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ಬಳಕೆಗೆ ತಂದ ಈ ಕ್ರಮಕ್ಕೆ ತ್ರಿಕೋನ ಪರೀಕ್ಷೆಯೆಂದು ಹೆಸರು. ಹಳೆಯ ಅಕ್ಕಿಯ ಅನ್ನ ಉದ್ದವಾಗಿ ಕಾಣುವುದರಿಂದ ತಿನ್ನುವವರ ಕಣ್ಣು ಕಟ್ಟಬೇಕು. ಬಡಿಸುವವರಿಗೂ ಗುಟ್ಟು ತಿಳಿದಿರಕೂಡದು. ಅವರ ಮುಖಭಾವವೂ ದನಿಯೂ ಉತ್ತರವನ್ನು ಹೇಳಿಬಿಡುತ್ತವೆ. ಬಟ್ಟಲುಗಳಿಗೆ ಸಂಖ್ಯೆ ಕೊಡುವವರು ಬೇರೊಬ್ಬರು.

ಬರಿಯ ಊಹೆಯಿಂದ ಮೂರರಲ್ಲಿ ಒಂದು ಸಲ ಉತ್ತರ ಸರಿಯಾಗುತ್ತದೆ. ಹಾಗಾದರೆ ಆರು ಸಲ ಪರೀಕ್ಷಿಸಿ ನಾಲ್ಕು ಸಲ ಸರಿಯೆಂದರೆ ಸಾಕೆ? ಊಹೆಯಿಂದಲೇ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭಾವ್ಯತೆ 729ರಲ್ಲಿ 73, ಅಂದರೆ ಹತ್ತರಲ್ಲಿ ಒಂದು, ಇದು ನೆಚ್ಚತಕ್ಕದ್ದಲ್ಲ. ಐದು ಅಥವಾ ಆರು ಸರಿಯಾಗುವುದಾದರೋ 729ರಲ್ಲಿ 13, ಸುಮಾರು 56ರಲ್ಲಿ ಒಂದು. ಹಾಲಿಗೆ ಚಹ ಸುರಿದುದೋ ಚಹಕ್ಕೆ ಹಾಲು ಸುರಿದುದೋ ರುಚಿಯಿಂದಲೇ ತಿಳಿಯುತ್ತದೆಂದ ಮಹಿಳೆಯೊಬ್ಬರ ಮಾತನ್ನು ಎಂಟು ಬಟ್ಟಲುಗಳಿಂದ ಪರೀಕ್ಷಿಸುವ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ; ಅಲ್ಲಿ ಎಲ್ಲವನ್ನೂ ಊಹೆಯಿಂದ ಸರಿಯಾಗಿ ಹೇಳುವ ಸಂಭಾವ್ಯತೆ 70ರಲ್ಲಿ ಒಂದು. ನಮ್ಮದೂ ಆ ಜಾತಿಯದೇ.

ಖಾನಾಪುರದ ನಂಟರಿಂದ ಇಂದ್ರಾಯಣಿಯ ಎರಡು ಸುಗ್ಗಿಗಳ ಭತ್ತವನ್ನು ತರಿಸಿ ನಾವು ಮನೆಯಲ್ಲಿ ಈ ಕ್ರಮವನ್ನು ಅನುಸರಿಸಿದೆವು. ಕಿರಿಯರಿಬ್ಬರಿಗೆ ಆರರಲ್ಲಿ ಮೂರು ಮತ್ತು ಎರಡು ಸರಿಯಾದವು; ಅದು ಊಹೆಯ ಮಟ್ಟ. ನಮ್ಮ ಅತ್ತೆಯವರು ಆರನ್ನೂ ಸರಿಯಾಗಿ ಹೇಳಿದರು. ಮೂಗನ್ನು ಹಿಡಿದು ತಿಂದಾಗಲೂ ಅಂಟಿನಿಂದ ಗುರುತಿಸಬಲ್ಲರು. ಇದು ನಲವತ್ತು ವರ್ಷಗಳ ಅಡುಗೆಯ ಫಲವೆನ್ನದೆ ವಿಧಿಯಿಲ್ಲ. ಆದರೆ ಸ್ವಾರಸ್ಯ ಮುಂದಿದೆ. ಹೆಸರು ಹೇಳದೆ ‘ಯಾವುದು ಚೆನ್ನು?’ ಎಂದು ಕೇಳಿದಾಗ, ಹಳೆಯ ಅಕ್ಕಿಯನ್ನಲ್ಲದೆ ಬೇರೆಯದನ್ನು ಮನೆಗೆ ತರಗೊಡದ ಅವರು ಮತ್ತೆ ಮತ್ತೆ ಹೊಸದನ್ನೇ ಮೆಚ್ಚಿದರು. ವಿಷಯ ತಿಳಿದ ಮೇಲೆ ಅವರಾಡಿದ ಮಾತು: “ಹಂಗಾರ ಪಾಯಸಕ್ಕ ಇದ ಇರ್ಲಿ, ಚಿತ್ರಾನ್ನಕ್ಕ ಅದ ಇರ್ಲಿ.” ಅವರ ನಾಲಗೆ ಎರಡು ಸಲವೂ ಸರಿಯಾಗಿಯೇ ಇದ್ದಿತು, ಅಡ್ಡ ಬಂದುದು ‘ಹಳೆಯದು’ ಎಂಬ ಶಬ್ದ.

ಈ ಶಬ್ದಕ್ಕೆ ಬೆಲೆಯುಂಟಾದುದರಿಂದಲೇ ನಾವು ಇಷ್ಟು ಹೇಳಬೇಕಾಯಿತು. ಸುಗ್ಗಿಯಲ್ಲಿಯೇ ಭತ್ತವನ್ನು ಮಾರಿ ಸಾಲ ತೀರಿಸಬೇಕಾದ ರೈತನಿಗೆ ವಯಸ್ಸಿನ ಬೆಲೆ ದಕ್ಕುವುದಿಲ್ಲ, ಕೂಡಿಡಬಲ್ಲವನಿಗೆ ದಕ್ಕುತ್ತದೆ. ಕೂಡಿಡುವವನಿಗೆ ಹುಳುವಿನ ಕಾಟ, ಒಣಗಿ ಕಡಮೆಯಾಗುವ ತೂಕ, ತೊಡಗಿಸಿದ ಹಣ ಇವುಗಳ ವೆಚ್ಚವಿದೆಯೆಂಬುದನ್ನು ಒಪ್ಪೋಣ. ಆದರೂ ಗುಣವಿದ್ದಲ್ಲಿ ಗುಣಕ್ಕೆ ಬೆಲೆ ಬರಲಿ, ಬರಿಯ ಹೆಸರಿಗಲ್ಲ. ಖಾನಾಪುರದ ಹೊಸ ಇಂದ್ರಾಯಣಿಯನ್ನು ಅದರ ಪರಿಮಳಕ್ಕಾಗಿ ಕೇಳಿ ಕೊಳ್ಳುವವರು ಬೆಳಗಾವಿಯಲ್ಲಿ ಹೆಚ್ಚಿದರೆ ರೈತ ಕಾಯಬೇಕಾಗಿಲ್ಲ.

ಇನ್ನು ನಮ್ಮ ವಿದ್ಯಾರ್ಥಿ ಮಿತ್ರರ ಮಾತು. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಿರೆಂದರೆ ದಾಖಲೆ ಪುಸ್ತಕಗಳಲ್ಲೆಲ್ಲ 980 ಅಥವಾ 981 ಎಂದು ಒಂದೇ ಸಮನೆ ಬರುತ್ತದೆ. ನಮ್ಮ ಅಕ್ಷಾಂಶಕ್ಕೂ ಎತ್ತರಕ್ಕೂ ಸಲ್ಲುವ ಬೆಲೆ 978ಕ್ಕೆ ಹತ್ತಿರವಾದುದು! ನೂಲು, ಗಡಿಯಾರಗಳ ನ್ಯೂನತೆಯಿಂದ ಒಬ್ಬನಿಗೆ 970, ಇನ್ನೊಬ್ಬನಿಗೆ 988 ಬಂದರೆ ಅದು ಸಹಜ. ಎಲ್ಲರಿಗೂ ಪುಸ್ತಕದ ಅಂಕಿಯೇ ಬಂದರೆ ಅವರು ಅಳೆದುದು ಲೋಲಕವನ್ನಲ್ಲ, ಪುಸ್ತಕವನ್ನು. ಹಳೆಯದೆಂದು ಕೇಳಿ ಹಳೆಯದರ ರುಚಿ ಕಾಣುವ ನಾಲಗೆಗೂ ಈ ಅಂಕಿಗೂ ನಮಗೆ ಭೇದ ಕಾಣದು. ಆದ್ದರಿಂದ ಉತ್ತರ ಮೊದಲೇ ತಿಳಿಯದಂಥ ಒಂದು ಪ್ರಯೋಗವಾದರೂ ಪ್ರತಿ ಕಾಲೇಜಿನ ಪಟ್ಟಿಯಲ್ಲಿ ಇರಬೇಕೆಂದೂ, ಮುಚ್ಚಿದ ಬಟ್ಟಲುಗಳ ಪರೀಕ್ಷೆ ಅದಕ್ಕೆ ಯೋಗ್ಯವೆಂದೂ ನಾವು ಸೂಚಿಸುತ್ತೇವೆ. ನಾಲಗೆಯ ತೀರ್ಪನ್ನು ರಸಾಯನಶಾಸ್ತ್ರದ ಕೋಣೆಯಲ್ಲಿ ತಾಳೆನೋಡಲೂ ಬರುತ್ತದೆ: ಗ್ವಾಯಕಾಲ್ ದ್ರಾವಣ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಹಾಕಿದಾಗ ಹೊಸ ಅಕ್ಕಿ ತನ್ನಲ್ಲಿನ್ನೂ ಜೀವಂತವಾಗಿರುವ ಕಿಣ್ವದಿಂದ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ಕಿಣ್ವ ಕುಂದಿದ ಹಳೆಯ ಅಕ್ಕಿಯಲ್ಲಿ ಬಣ್ಣ ಮಸುಕು. ಹಬೆಗೆ ಸಿಕ್ಕ ಅಕ್ಕಿಯ ಕಿಣ್ವವೂ ಕೆಡುವುದರಿಂದ ಅದು ಇಲ್ಲಿಯೂ ಹಳೆಯದರ ವೇಷದಲ್ಲಿಯೇ ಬಂದೀತು, ಜಾಗ್ರತೆ.

ಖಾನಾಪುರದ ಕಡೆಯ ವಿದ್ಯಾರ್ಥಿಗಳು ಬರುವ ಸುಗ್ಗಿಯ ಎರಡು ಸೇರು ಭತ್ತವನ್ನು ಚೆನ್ನಾಗಿ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿ, ತಳಿ, ಗದ್ದೆ, ದಿನಾಂಕಗಳನ್ನು ಬರೆದ ಚೀಟಿಯನ್ನು ಅದರ ಒಳಗೇ ಹಾಕಿಡಲಿ. ಹೊರಗೆ ಏನನ್ನೂ ಬರೆಯುವುದು ಬೇಡ.