ಹಂಪೆಯ ಬೆಟ್ಟಕ್ಕೆ ಕ್ಯಾಮೆರಾ ಒಯ್ಯುವವರಿಗೆ

ದೀಪಾವಳಿ ಕಳೆದು ಚಳಿ ಕಾಲಿಡುತ್ತಲೇ ನಮ್ಮ ಊರುಗಳ ಶಾಲೆಗಳಲ್ಲಿಯೂ ಗೆಳೆಯರ ಕೂಟಗಳಲ್ಲಿಯೂ ಹಂಪೆಯ ಪ್ರವಾಸದ ಮಾತು ಏಳುವುದುಂಟು. ಬಂಡಿ ಗೊತ್ತಾಗುತ್ತದೆ, ಬುತ್ತಿಯ ಲೆಕ್ಕವಾಗುತ್ತದೆ, ಹೊಸಪೇಟೆಯಲ್ಲಿ ಇಳಿದುಕೊಳ್ಳುವ ಮನೆಯೂ ನಿಶ್ಚಯವಾಗುತ್ತದೆ. ಆದರೆ ಅಲ್ಲಿ ಏನನ್ನು ನೋಡಬೇಕು, ಯಾವುದರ ಚಿತ್ರವನ್ನು ಹಿಡಿಯಬೇಕು ಎಂಬ ವಿಚಾರವನ್ನು ಮಾತ್ರ ಯಾರೂ ಹೊರಡುವ ಮುನ್ನ ಮಾಡುವುದಿಲ್ಲ. ಅದು ಹೋದಮೇಲೆ ತಾನಾಗಿಯೇ ಆಗತಕ್ಕದ್ದೆಂದು ಎಲ್ಲರೂ ನಂಬಿರುತ್ತಾರೆ. ಅದು ತಾನಾಗಿ ಆಗುವುದಿಲ್ಲವೆಂಬುದಕ್ಕೆ ನಾವೇ ಸಾಕ್ಷಿ.

ಕಾಲೇಜಿನಲ್ಲಿ ಓದುತ್ತಿದ್ದಾಗ ನಾವು ಎಂಟು ಮಂದಿ ಮಿತ್ರರು ಕೂಡಿ ಹಂಪೆಗೆ ಹೋಗಿದ್ದೆವು. ಕ್ಯಾಮೆರಾ ಒಂದೇ, ಅದರೊಳಗೆ ಮೂವತ್ತಾರು ಚಿತ್ರಗಳ ಒಂದೇ ಸುರುಳಿ. ಮನೆಗೆ ಬಂದು ತೊಳೆಯಿಸಿ ನೋಡಲಾಗಿ, ಮೂವತ್ತಾರರಲ್ಲಿ ಮೂವತ್ತರಲ್ಲಿ ನಾವೇ! ಕಲ್ಲಿನ ರಥದ ಮುಂದೆ ಎಂಟು ಮಂದಿ ಸಾಲಾಗಿ ನಿಂತಿದ್ದೇವೆ. ಗಾಲಿಯ ಕೆತ್ತನೆ ಒಬ್ಬನ ಸೊಂಟದ ಹಿಂದೆ ಅಡಗಿದೆ, ಆನೆಯ ಸೊಂಡಿಲು ಇನ್ನೊಬ್ಬನ ಕಿವಿಯಿಂದ ಹೊರಟಂತೆ ಕಾಣುತ್ತದೆ. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ಬೆರಳಿನಿಂದ ಬಡಿದು ನಾದ ಕೇಳಿ ಹಿಗ್ಗಿದೆವು. ಆ ಬಡಿಯುವ ಭಂಗಿಯ ಚಿತ್ರವೂ ಒಂದುಂಟು. ಆ ಬಡಿತ ಈಗ ನಿಷಿದ್ಧವಾಗಿದೆ. ನಿಷೇಧಕ್ಕೆ ಕಾರಣರಾದವರ ಪಟ್ಟಿಯಲ್ಲಿ ನಾವೂ ಇದ್ದೇವೆಂಬುದನ್ನು ಮರೆಮಾಚಲಾರೆವು. ಕೆಲವು ವರ್ಷಗಳ ಹಿಂದೆ ಶಾಲಾ ಉಪಾಧ್ಯಾಯರೊಬ್ಬರು, ಮಕ್ಕಳಿಗೆ ತೋರಿಸಲು ನಿಮ್ಮ ಹಳೆಯ ಹಂಪೆಯ ಚಿತ್ರಗಳಿದ್ದರೆ ಕೊಡಿರೆಂದು ಕೇಳಿದರು. ನಮ್ಮ ಆಲ್ಬಮ್ಮನ್ನು ತೆಗೆದು ನೋಡಿ, ಕೊಡಲು ನಾಚಿಕೆಪಟ್ಟು, ಇಲ್ಲವೆಂದು ಹೇಳಿ ಕಳುಹಿಸಿದೆವು.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬ ಮನುಷ್ಯನ ಕೆಲಸವನ್ನು ವಾಚಕರ ಮುಂದೆ ಇಡುವೆವು. ೧೮೫೬ರಲ್ಲಿ, ಎಂದರೆ ಸಿಪಾಯಿ ದಂಗೆಗೆ ಒಂದು ವರ್ಷ ಮುಂಚೆ, ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ದೊಡ್ಡ ಮರದ ಕ್ಯಾಮೆರಾವನ್ನು ಹೊರಿಸಿಕೊಂಡು ಹಂಪೆಯ ಬಂಡೆಗಳ ನಡುವೆ ತಿರುಗಿದನು. ಮೇಣ ಸವರಿದ ಕಾಗದದ ಮೇಲೆ ಆತನು ಹಿಡಿದ ಚಿತ್ರಗಳು ಅರುವತ್ತರಷ್ಟು. ಆ ಕಾಗದಗಳು ಬಹುಕಾಲ ಮರೆಯಾಗಿದ್ದು ೧೯೮೦ರಲ್ಲಿ ಮತ್ತೆ ಬೆಳಕಿಗೆ ಬಂದವು. ೧೯೮೩ರಲ್ಲಿ ಆಸ್ಟ್ರೇಲಿಯಾದ ಛಾಯಾಚಿತ್ರಕಾರ ಜಾನ್ ಗಾಲಿಂಗ್ಸ್ ಎಂಬವರು ಆತನು ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಅವೇ ಕಟ್ಟಡಗಳ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಬಿದ್ದದ್ದೇನು, ಉಳಿದದ್ದೇನು ಎಂಬುದು ಗೊತ್ತಾಗುತ್ತದೆ. ನಮ್ಮ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥಕ್ಕೆ ಹಿಂದೆ ಇಟ್ಟಿಗೆಯ ಶಿಖರವೊಂದು ಇತ್ತು. ಅದು ಈಗ ಇಲ್ಲ. ಇತ್ತೆಂಬುದನ್ನು ನಾವು ಕಣ್ಣಾರೆ ಕಾಣುವುದು ಗ್ರೀನ್‌ಲಾನ ಚಿತ್ರದಲ್ಲಿ. ಆತನೂ ತನ್ನ ಬಂಟರನ್ನು ರಥದ ಮುಂದೆ ಸಾಲಾಗಿ ನಿಲ್ಲಿಸಿದ್ದರೆ ನಮ್ಮ ಗತಿಯೇನಾಗುತ್ತಿತ್ತು?

ನಮ್ಮ ವಕೀಲಿಯ ಭಾಷೆಯಲ್ಲಿ ಹೇಳುವುದಾದರೆ ಹಾಳೂರಿನ ಛಾಯಾಚಿತ್ರವು ಒಂದು ಜಬಾನಿ. ಜಬಾನಿ ಕೊಡುವವನು ತಾನು ಕಂಡುದನ್ನು ಹೇಳಬೇಕೇ ಹೊರತು ತನ್ನ ಮುಖವನ್ನು ತೋರಿಸಿ ಹೋಗಬಾರದು.

ಇನ್ನು ಪ್ರವಾಸದ ಕ್ರಮಕ್ಕೆ ಬರೋಣ. ಎರಡು ದಿನವಿಲ್ಲದೆ ಹೊರಡಬೇಡಿರಿ. ಮೊದಲನೆಯ ದಿನ ಮಧ್ಯಾಹ್ನ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಇಟ್ಟಿರುವ ಇಡೀ ರಾಜಧಾನಿಯ ಮಾದರಿಯ ಸುತ್ತ ಅರ್ಧ ಗಂಟೆ ನಡೆದು ನೋಡತಕ್ಕದ್ದು. ಹೊಳೆ ಎತ್ತ, ಬೆಟ್ಟ ಎತ್ತ, ಅರಮನೆಯ ನೆಲೆ ಎತ್ತ ಎಂಬುದು ಮನಸ್ಸಿನಲ್ಲಿ ಕುಳಿತ ಮೇಲೆಯೇ ಬೆಟ್ಟ ಹತ್ತಿದವನಿಗೆ ಕಂಡದ್ದು ತಿಳಿಯುತ್ತದೆ. ಮರುದಿನ ನಸುಕಿನಲ್ಲಿ ಎದ್ದು ಮತಂಗ ಪರ್ವತವನ್ನು ಏರಬೇಕು. ವಿರೂಪಾಕ್ಷನ ಬೀದಿಯ ಮೂಡಣ ತುದಿಯಲ್ಲಿ ಎದುರು ಬಸವಣ್ಣನಿದ್ದಾನೆ, ದಾರಿ ಅಲ್ಲಿಂದಲೇ. ಕಲ್ಲಿನ ಮೆಟ್ಟಿಲುಗಳು ಕೆಲವೆಡೆ ನೆಟ್ಟಗಿವೆ, ಕೆಲವೆಡೆ ಬಂಡೆಯನ್ನೇ ಕಡಿದ ಹೆಜ್ಜೆಗಳು. ಒಬ್ಬಂಟಿಯಾಗಿ ಹೋಗಬಾರದು, ಕೈದೀಪವನ್ನೂ ನೀರನ್ನೂ ಮರೆಯಬಾರದು, ಕೋತಿಗಳ ಕಣ್ಣಿಗೆ ತಿಂಡಿಯ ಚೀಲ ಬೀಳಬಾರದು. ಬೇಸಗೆಯಲ್ಲಂತೂ ಈ ಬಂಡೆಗಳು ಕಾದ ಹೆಂಚಿನಂತಿರುವುದರಿಂದ ಚಳಿಗಾಲವೇ ಲೇಸು.

ಮೇಲೆ ವೀರಭದ್ರನ ಗುಡಿಯ ಬಳಿ ನಿಂತಾಗ ಕ್ಯಾಮೆರಾವನ್ನು ಚೀಲದಲ್ಲಿಯೇ ಇರಗೊಡಿಸಿರಿ. ಕಾಲು ಗಂಟೆಯ ಹೊತ್ತು ಬರಿಯ ಕಣ್ಣಿನಿಂದ ನೋಡಿರಿ. ಪಡುವಣಕ್ಕೆ ವಿರೂಪಾಕ್ಷನ ಮಹಾಗೋಪುರ. ಅದು ಮೂಡಣಕ್ಕೆ ಮುಖ ಮಾಡಿ ನಿಂತಿರುವುದರಿಂದ ಎಳೆಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಕಾಲಡಿಯಲ್ಲಿಯೇ ಅಚ್ಯುತರಾಯನ ಗುಡಿ. ಅದರ ಪ್ರಾಕಾರಗಳೂ ಮುಂದಣ ಹಾಳು ಬೀದಿಯೂ ನಕ್ಷೆ ಬರೆದು ಹಾಸಿದಂತೆ ಕಾಣುತ್ತವೆ. ಬಡಗಲು ತುಂಗಭದ್ರೆ, ಆಚೆ ಆನೆಗೊಂದಿಯ ಬೆಟ್ಟಗಳು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ಈ ನಗರವನ್ನು ನೋಡಲು ಒಂದು ಬೆಟ್ಟವನ್ನು ಹತ್ತಿದ್ದನೆಂದು ತಾನೇ ಬರೆದಿದ್ದಾನೆ. ಬೆಟ್ಟಸಾಲುಗಳ ನಡುವೆ ನಗರವು ಅಡಗಿ ಹರಡಿದ್ದರಿಂದ ಅಲ್ಲಿಂದಲೂ ಎಲ್ಲವೂ ಕಾಣಲಿಲ್ಲವಂತೆ; ಕಂಡಷ್ಟೇ ಆತನಿಗೆ ರೋಮಾನಗರದಷ್ಟು ತೋರಿತು. ಆತನು ಹತ್ತಿದ ಬೆಟ್ಟ ಇದೇ ಎಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಆ ಮಾತಿನ ನಿಜ ಈ ಬೆಟ್ಟದ ಮೇಲೆ ಇಂದಿಗೂ ತಿಳಿಯುತ್ತದೆ.

ಆ ಹೊಳೆಯನ್ನು ನೋಡುವಾಗ ಶಾಲಾಮಾಸ್ತರರು ಮಕ್ಕಳಿಗೆ ಒಂದು ಸಂಗತಿಯನ್ನು ಹೇಳದೆ ಇಳಿಯಬಾರದು. ಒಂದೇ ರಾಜಧಾನಿಯ ಎರಡು ದಡಗಳಾದ ಹಂಪೆ ಮತ್ತು ಆನೆಗೊಂದಿ ಬಹುಕಾಲ ಎರಡು ಸರಕಾರಗಳ ಕೈಯಲ್ಲಿದ್ದವು. ಈಚೆಯ ದಡ ಬಳ್ಳಾರಿ ಜಿಲ್ಲೆಗೆ ಸೇರಿ ಮದರಾಸಿನ ಆಳಿಕೆಯಲ್ಲಿ. ಆಚೆಯ ದಡ ನಿಜಾಮನ ಹೈದರಾಬಾದಿನಲ್ಲಿ. ೧೯೦೫ರಲ್ಲಿ ಆಲೂರ ವೆಂಕಟರಾಯರು ಈ ಹಾಳೂರನ್ನು ಕಂಡು ಕರಗಿದರು. ಅಲ್ಲಿ ಹುಟ್ಟಿದ ಹಂಬಲವು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ಎಂಬ ಗ್ರಂಥವಾಗಿ ಹೊರಬಂದಿತು. ಬಳ್ಳಾರಿಯ ಬಹುಭಾಗವು ಮೈಸೂರಿಗೆ ಸೇರಿದುದು ೧೯೫೩ರ ಅಕ್ಟೋಬರ ೧ರಂದು; ಎರಡು ದಡಗಳೂ ಒಂದೇ ರಾಜ್ಯವಾದುದು ೧೯೫೬ರ ನವೆಂಬರ ೧ರಂದು. ಈಗಲೂ ಜಿಲ್ಲೆಗಳು ಬೇರೆಯೇ: ಈಚೆ ೨೦೨೧ರಲ್ಲಿ ಆದ ವಿಜಯನಗರ, ಆಚೆ ಕೊಪ್ಪಳ. ಆದರೆ ಹರಿಗೋಲಿನಲ್ಲಿ ದಾಟುವವನಿಗೆ ಆ ಗೆರೆ ಕಾಣುವುದಿಲ್ಲ.

ಬೆಟ್ಟದಿಂದ ಇಳಿದು ವಿರೂಪಾಕ್ಷನ ಗುಡಿಗೆ ಬಂದರೆ, ಚಿತ್ರ ಹಿಡಿಯುವ ಹವ್ಯಾಸವುಳ್ಳವರು ಹಿಂಭಾಗದ ಕತ್ತಲೆಯ ಕೋಣೆಯನ್ನು ಕೇಳಿಕೊಂಡು ಹೋಗಿ ನೋಡಬೇಕು. ಸಣ್ಣದೊಂದು ಕಿಂಡಿಯಿಂದ ಒಳಬಂದ ಬೆಳಕು ಎದುರಿನ ಗೋಡೆಯ ಮೇಲೆ ಮಹಾಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಮಸೂರವಿಲ್ಲ, ಯಂತ್ರವಿಲ್ಲ, ಆದರೂ ಕ್ಯಾಮೆರಾದ ಮೂಲತತ್ವವೆಲ್ಲ ಅಲ್ಲಿದೆ. ಮಕ್ಕಳಿಗೆ ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಸಿಕ್ಕಲಾರದು.

ಕಾಯಿದೆಯ ಮಾತನ್ನು ಚಿಕ್ಕದಾಗಿ ಹೇಳಿಬಿಡುವೆವು. ಸಂರಕ್ಷಿತ ಸ್ಮಾರಕಗಳೊಳಗೆ ಕ್ಯಾಮೆರಾದ ಮುಕ್ಕಾಲಿಗೆಯನ್ನು ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಮುಂಚಿತವಾಗಿ ಬೇಕು. ಹಾರುವ ಡ್ರೋನು ಅನುಮತಿಯಿಲ್ಲದೆ ಸಲ್ಲದು. ಸ್ಮಾರಕವನ್ನು ಕೆಡಿಸಿದವನಿಗೆ ೧೯೫೮ರ ಕಾಯಿದೆಯ ೨೦೧೦ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ೨೦೧೯ರಲ್ಲಿ ನಾಲ್ವರು ತರುಣರು ಅಲ್ಲಿ ಕಲ್ಲಿನ ಕಂಬವನ್ನು ನೂಕಿ ಕೆಡಹಿ ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯವು ತಲಾ ಎಪ್ಪತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಕೆಡಹಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದ್ದೂ ಆಯಿತು. ಕೃತ್ಯವು ಹೊರಬಿದ್ದುದು ಚಲಚ್ಚಿತ್ರದಿಂದಲೇ ಎಂಬುದು ವಿಶೇಷ. ದಂಡಕ್ಕಿಂತ ಆ ಕಂಬ ಎತ್ತಿಸಿದ್ದೇ ನಮಗೆ ಹೆಚ್ಚು ಮೆಚ್ಚಿಕೆಯಾಯಿತು.

ಕಲ್ಲಿನ ಚಿತ್ರ ಮಾತ್ರ ಸಾಲದೆಂಬುದನ್ನೂ ಸೇರಿಸಬೇಕು. ವಿರೂಪಾಕ್ಷನ ಎದುರಿನ ಸಾಲುಮಂಟಪಗಳಲ್ಲಿ ಬಹುಕಾಲ ಅಂಗಡಿಗಳೂ ಸಂಸಾರಗಳೂ ಇದ್ದವು. ೨೦೧೧ರಲ್ಲಿ ಅವರನ್ನು ತೆರವುಗೊಳಿಸಲಾಯಿತು. ಸ್ಮಾರಕಕ್ಕೆ ಅದು ಹಿತವೆಂದು ಒಂದು ಪಕ್ಷ, ಬದುಕಿಗೆ ಅದು ಕೊಡಲಿಪೆಟ್ಟೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳುಂಟು. ಆದರೆ ಅದಕ್ಕೆ ಮುಂಚೆ ಅಲ್ಲಿ ಹೂ ಮಾರುವವಳು ಯಾವ ಕಂಬದಡಿ ಕುಳಿತಿದ್ದಳು, ಒಲೆಯ ಹೊಗೆ ಯಾವ ತೊಲೆಗೆ ಹಿಡಿದಿತ್ತು ಎಂಬುದನ್ನು ಅಲ್ಲಿಗೆ ಹೋಗಿಬಂದ ಸಾವಿರಾರು ಮಂದಿಯಲ್ಲಿ ಎಷ್ಟು ಜನ ಚಿತ್ರದಲ್ಲಿ ಉಳಿಸಿದ್ದಾರೆ? ನಮ್ಮ ಮೂವತ್ತಾರರಲ್ಲಿ ಅಂಥದೊಂದೂ ಇಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಮಕ್ಕಳು ಚಿತ್ರ ತೆಗೆಯಲಿ, ಅವರ ಮುಖವೂ ಒಂದೆರಡರಲ್ಲಿ ಇರಲಿ, ಮಕ್ಕಳಲ್ಲವೇ! ಉಳಿದ ಚಿತ್ರಗಳಿಗೆ ಮಾತ್ರ ತಾರೀಖು, ಗಂಟೆ, ನಿಂತ ಜಾಗ, ನೋಡಿದ ದಿಕ್ಕು ಇವುಗಳನ್ನು ಸ್ಥಳದಲ್ಲಿಯೇ ಒಂದು ವಹಿಯಲ್ಲಿ ಬರೆಯಿಸಿರಿ. ಆ ವಹಿಯೂ ಚಿತ್ರಗಳೂ ಶಾಲೆಯ ಕಪಾಟಿನಲ್ಲಿ ಉಳಿಯಲಿ. ಮುಂದಣ ಪಂಕ್ತಿಯ ಮಕ್ಕಳು ಅದನ್ನು ಹಿಡಿದು ಅದೇ ಜಾಗದಲ್ಲಿ ನಿಲ್ಲುವರು. ಮೊಬೈಲಿನಲ್ಲಿ ತೆಗೆದು ಮೊಬೈಲಿನಲ್ಲಿಯೇ ಬಿಟ್ಟ ಚಿತ್ರವು ಆ ಯಂತ್ರ ಕೆಟ್ಟ ದಿನವೇ ಅಳಿಯುತ್ತದೆ.

ನಾವಂತೂ ಈ ಮಾರ್ಗಶಿರದಲ್ಲಿ ಮತ್ತೆ ಹೊರಟಿದ್ದೇವೆ. ಅಂದಿನ ಎಂಟು ಮಂದಿಯಲ್ಲಿ ಐವರು ಒಪ್ಪಿದ್ದಾರೆ. ಮೊಣಕಾಲು ನೋವಿನವನೊಬ್ಬ ಬೆಟ್ಟದ ಕೆಳಗೆ ಬುತ್ತಿ ಕಾಯುವನಂತೆ. ಹಳೆಯ ಆಲ್ಬಮ್ಮನ್ನೂ ಜೊತೆಗೆ ಒಯ್ಯುತ್ತೇವೆ. ಅಂದು ಸಾಲಾಗಿ ನಿಂತಿದ್ದ ಜಾಗಗಳನ್ನು ಒಂದೊಂದಾಗಿ ಹುಡುಕಿ, ಕ್ಯಾಮೆರಾವನ್ನು ಅಲ್ಲಿಯೇ ಹಿಡಿದು, ನಾವು ಮಾತ್ರ ಅದರ ಹಿಂದೆ ನಿಲ್ಲುವೆವು.