ಮಂಡಿ ಆಪರೇಷನ್ ಆದಮೇಲೂ ಕಾಲು ಸ್ವಲ್ಪ ಸೊಟ್ಟಗಿದ್ದರೆ ಅದು ಫೇಲ್ ಆದಂತೆಯೇ?

‘ಮಂಡಿಚಿಪ್ಪು ಬದಲಾಯಿಸಿದ ಮೇಲೆ ಕಾಲು ಸ್ಕೇಲ್ ಇಟ್ಟಂತೆ ನೆಟ್ಟಗಿರಬೇಕು, ಇಲ್ಲದಿದ್ದರೆ ಇಂಪ್ಲಾಂಟ್ ಬೇಗ ಹಾಳಾಗುತ್ತದೆ’ ಎನ್ನುವ ಮಾತು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಸೊಂಟದ ಕೀಲಿನ ಮಧ್ಯದಿಂದ ಪಾದದ ಕೀಲಿನ ಮಧ್ಯಕ್ಕೆ ಒಂದು ಗೆರೆ ಎಳೆಯಿರಿ. ನೆಟ್ಟಗಿನ ಕಾಲಲ್ಲಿ ಅದು ಮಂಡಿಯ ನಡುಭಾಗದಲ್ಲಿ ಹಾದುಹೋಗುತ್ತದೆ. ಆಗಲೂ ನಡೆಯುವಾಗ ಮಂಡಿಯ ಒಳಬದಿಗೇ ಭಾರ ಹೆಚ್ಚು. ಕಾಲು ಬಿಲ್ಲಿನಂತೆ ಬಾಗಿದ್ದರೆ ಗೆರೆ ಇನ್ನಷ್ಟು ಒಳಗೆ ಸರಿಯುತ್ತದೆ, ಒಳಬದಿಯ ಮೃದ್ವಸ್ಥಿ ಸವೆಯುತ್ತದೆ, ಸವೆದಷ್ಟೂ ಕಾಲು ಬಾಗುತ್ತದೆ. ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆಯುವ ಹಾಗೆ.

ಆಪರೇಷನ್‌ನಲ್ಲಿ ಇಡೀ ಮಂಡಿಯನ್ನು ಕಿತ್ತು ಹಾಕುವುದಿಲ್ಲ. ಮೂಳೆಗಳ ತುದಿಯನ್ನು ತೆಳುವಾಗಿ ಕತ್ತರಿಸಿ, ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಕತ್ತರಿಸಿದ ಕೋನ ತುಂಬಾ ತಪ್ಪಿದರೆ ಪ್ಲಾಸ್ಟಿಕ್ಕಿನ ಒಂದು ಬದಿಗೇ ಒತ್ತಡ ಬೀಳುತ್ತದೆ. ಕೆಳಗಿನ ಲೋಹದ ತಟ್ಟೆ ಸಡಿಲವಾಗಬಹುದು, ಮೂಳೆಯೊಳಗೆ ಕುಸಿಯಲೂಬಹುದು. ಹಾಗಾದರೆ ಇನ್ನೊಂದು ಆಪರೇಷನ್. ಅದು ಮೊದಲನೆಯದಕ್ಕಿಂತ ಕಷ್ಟದ್ದು. ಅದಕ್ಕೇ 3 ಡಿಗ್ರಿಯೊಳಗೆ ನೆಟ್ಟಗೆ ಮಾಡಬೇಕೆಂಬ ರೂಢಿ ಬೆಳೆದದ್ದು.

ಆದರೆ ಎಲ್ಲರ ಕಾಲೂ ಹುಟ್ಟಾ ನೆಟ್ಟಗಿರುವುದಿಲ್ಲ. ಬೆಲ್ಜಿಯಂನಲ್ಲಿ ಆರೋಗ್ಯವಂತ ಯುವಜನರ ಕಾಲು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 32% ಗಂಡಸರಿಗೂ 17% ಹೆಂಗಸರಿಗೂ 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಸಹಜ ಬಾಗು ಇತ್ತು. ಇಂಥವರ ಕಾಲನ್ನು ಪೂರ್ತಿ ನೆಟ್ಟಗೆ ಮಾಡಲು ಹೊರಟರೆ ಒಳಬದಿಯ ಅಸ್ಥಿರಜ್ಜು ಬಿಗಿಯಾಗುತ್ತದೆ, ಅದನ್ನು ಸಡಿಲಿಸಬೇಕಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು 398 ಮಂಡಿಗಳ 15 ವರ್ಷದ ಬಾಳಿಕೆ ನೋಡಿ 2010ರಲ್ಲಿ ಹೇಳಿದ್ದೂ ಕುತೂಹಲಕಾರಿ: 3 ಡಿಗ್ರಿಯೊಳಗೆ ಕೂತವು ಹೊರಗುಳಿದವಕ್ಕಿಂತ ಹೆಚ್ಚು ಬಾಳಲಿಲ್ಲ. ಹಾಗಂತ ಎಷ್ಟು ಸೊಟ್ಟಗಿದ್ದರೂ ನಡೆಯುತ್ತದೆ ಎಂದಲ್ಲ. ತೂಕ, ಮೂಳೆಯ ಗಟ್ಟಿತನ, ಅಸ್ಥಿರಜ್ಜುಗಳ ಸಮತೋಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ರೋಬೋಟ್ ಬಳಸಿದರೆ ಕೋನ ಹೆಚ್ಚು ಕರಾರುವಾಕ್ಕಾಗಿ ಬರುತ್ತದೆ, ನಿಜ. ಅದರಿಂದ ಇಂಪ್ಲಾಂಟ್ ಹೆಚ್ಚು ವರ್ಷ ಬಾಳುತ್ತದೆ ಎಂಬುದು ಮಾತ್ರ ಇನ್ನೂ ಸಾಬೀತಾಗಿಲ್ಲ. ಸಾಲ ಮಾಡಿಯಾದರೂ ರೋಬೋಟೇ ಬೇಕು ಎನ್ನುವ ಮೊದಲು ಇದು ಗೊತ್ತಿರಲಿ. ನಮ್ಮ ಪ್ರಕಾರ ಡಾಕ್ಟರನ್ನು ಕೇಳಬೇಕಾದ್ದು ಬೇರೆ: ಸೊಂಟದಿಂದ ಪಾದದವರೆಗೆ, ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆದಿದ್ದಾರಾ? ಮಲಗಿಸಿ ತೆಗೆದರೆ ಭಾರ ಬಿದ್ದಾಗಿನ ಬಾಗು ಸರಿಯಾಗಿ ಕಾಣುವುದಿಲ್ಲ.

ಆಪರೇಷನ್ ಆಗಿ ಚೆನ್ನಾಗಿ ನಡೆಯುತ್ತಿದ್ದವರ ಕಾಲು ಹೊಸದಾಗಿ ಬಾಗತೊಡಗಿದರೆ, ಕಾಲೂರಿದಾಗ ನೋವು ಶುರುವಾದರೆ ತಡಮಾಡದೆ ತೋರಿಸಿ.