ತೊಗರಿಗೆ ನೆರೆಹೊರೆ ಬೇಕು

ನಿತ್ಯವೂ ಹುಳಿಯಲ್ಲಿ ಉಣ್ಣುವ ತೊಗರಿಬೇಳೆಯು ಎಲ್ಲಿ ಬೆಳೆಯುವುದೆಂದು ಕೇಳಿದರೆ, ಪಟ್ಟಣದ ವಿದ್ಯಾರ್ಥಿಗಳಾದ ನಮ್ಮಲ್ಲಿ ಅನೇಕರು ಅಂಗಡಿಯ ಕಡೆಗೆ ಬೆರಳು ತೋರುವರು. ಆಳೆತ್ತರದ, ಹಳದಿ ಹೂವಿನ ಆ ಗಿಡವನ್ನು ವರ್ಷಕ್ಕೊಮ್ಮೆ ಕಡಿದುಹಾಕುವುದು ಬೇಸಾಯದ ರೂಢಿ, ಗಿಡದ ಸ್ವಭಾವವಲ್ಲ. ಕಾಯಿ ಬಿಡಿಸಿದ ಮೇಲೆ ಕೊಂಬೆ ಸವರಿ ನೀರುಣಿಸಿದರೆ ಅದು ಮರಳಿ ಚಿಗುರಿ ಕೆಲವು ವರ್ಷ ಹಸುರಾಗಿ ನಿಲ್ಲಬಲ್ಲದು. ಆದರೆ ಅದನ್ನು ಒಂಟಿಯಾಗಿ ಬೆಳೆಯಬಾರದೆಂಬುದು ನನ್ನ ಮತ.

ನೆರೆಯ ಆಂಧ್ರವನ್ನು ನೋಡೋಣ. ವಿಶಾಖಪಟ್ಟಣದಿಂದ ಘಟ್ಟವೇರಿದರೆ ಸಿಗುವ ಅರಕು, ಪಾಡೇರು ಪ್ರದೇಶಗಳು 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿವೆ. ಅಲ್ಲಿಯ ಗಿರಿಜನರು ರಾಗಿ, ಸಾಮೆಗಳೊಡನೆಯೇ ತೊಗರಿಯನ್ನು ಬಿತ್ತುವರು. ತೆಲುಗರು ಇದಕ್ಕೆ ಕಂದಿ ಎನ್ನುತ್ತಾರೆ. ತೊಗರಿಯ ಅತಿ ಸಮೀಪದ ಕಾಡುಬಂಧುವು ಒಡಿಶಾ, ಬಸ್ತರಗಳಲ್ಲಿ ಬೆಳೆಯುವುದರಿಂದ, ಅದರ ತವರು ಈ ಸೀಮೆಯ ಸುತ್ತಲೇ ಇದ್ದೀತೆಂದು ಶಾಸ್ತ್ರಜ್ಞರು ಎಣಿಸುವರು. ವಿಜಯವಾಡದ ಸುತ್ತಣ ಕೃಷ್ಣಾ ಬಯಲಿನಲ್ಲಾದರೋ ನೆಲವೆಲ್ಲ ಭತ್ತದ್ದು. ನಿಂತ ನೀರನ್ನು ತೊಗರಿ ತಾಳದು. ಆದುದರಿಂದ ಅಲ್ಲಿ ಅದಕ್ಕೆ ಗದ್ದೆಯ ಬದುವೇ ನೆಲೆ. ನಮ್ಮ ಹಳೆಯ ಮೈಸೂರು ಸೀಮೆಯ ಅಕ್ಕಡಿ ಸಾಲೂ ಇಂತಹುದೇ: ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ.

ಈ ಜೊತೆಗೆ ಕಾರಣವುಂಟು. ತೊಗರಿಯು ಮೊದಲ ಎರಡು ತಿಂಗಳು ಬಹು ಮಂದ. ಆ ಬರಿನೆಲವನ್ನು ರಾಗಿ ತುಂಬಿ, ಕಳೆಯನ್ನು ತಡೆದು, ತಾನು ಕೊಯ್ಲಾಗಿ ಹೋಗುತ್ತದೆ. ಬಳಿಕ ತೊಗರಿ ಹರಡಿಕೊಳ್ಳುತ್ತದೆ. ರಾಗಿಯ ಬೇರು ಮೇಲುಮಣ್ಣಿನಲ್ಲಿ, ತೊಗರಿಯ ತಾಯಿಬೇರು ಆಳದಲ್ಲಿ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆ ಸಾರವು ಅಂದೇ ನೆರೆಯ ಗಿಡಕ್ಕೆ ಹರಿದುಬಿಡುವುದೆಂದು ಕೆಲವರು ತಿಳಿದಿರುವುದುಂಟು. ಹಾಗಲ್ಲ, ಉದುರಿದ ಎಲೆ, ಕೊಳೆತ ಬೇರುಗಳ ಮೂಲಕ ಅದರ ಹೆಚ್ಚಿನ ಪಾಲು ಮುಂದಿನ ಬೆಳೆಗೆ ದಕ್ಕುತ್ತದೆ.

ಒಂಟಿ ಬೆಳೆಯಿಂದ ತೊಗರಿಯೇ ಹೆಚ್ಚು ಸಿಗುವುದಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಮಾರಾಟಕ್ಕೆ ಬೆಳೆಯುವ ರೈತನನ್ನು ಅದಕ್ಕಾಗಿ ದೂರಲಾಗದು. ತೊಗರಿಯ ಕಣಜವೆನಿಸಿದ ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆದರೆ ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬಿತ್ತಿದರೆ ಮಣ್ಣಿನಲ್ಲಿ ಸೊರಗು ರೋಗದ ಶಿಲೀಂಧ್ರವು ಬಲಿಯುವುದು; ನಡುವೆ ಜೋಳದ ಸಾಲಿದ್ದರೆ ರೋಗ ತಗ್ಗುವುದೆಂದು ಪ್ರಯೋಗಗಳು ತೋರಿಸಿವೆ. ಮಳೆ ಕೈಕೊಟ್ಟ ವರ್ಷ ಎರಡರಲ್ಲೊಂದಾದರೂ ಮನೆಗೆ ಬಂದೀತು.

ಪಟ್ಟಣದ ಶಾಲೆಗಳ ಅಂಗಳದಲ್ಲಿ ಕ್ರೋಟನ್ ಗಿಡಗಳಿಗೆ ಬೇಕಾದಷ್ಟು ಸ್ಥಳವಿದೆ. ಅದರಲ್ಲಿ ಬೇಲಿಯ ಪಕ್ಕದ ಹತ್ತು ಮಾರು ನೆಲವನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬೇಕು. ಜೂನ್ ತಿಂಗಳಲ್ಲಿ ರಾಗಿಯೊಡನೆ ಇಡಿಯ ತೊಗರಿಕಾಳನ್ನು ಬಿತ್ತಬಹುದು. ಅಡಿಗೆಮನೆಯ ಬೇಳೆ ಮೊಳೆಯದು! ಸಂಕ್ರಾಂತಿಯ ಸುಮಾರಿಗೆ ಹಸಿಕಾಯಿ ಬೇಯಿಸಲು ದೊಡ್ಡದೊಂದು ಪಾತ್ರೆಯನ್ನು ಮಾತ್ರ ಮುಂಚೆಯೇ ಕೇಳಿಟ್ಟಿರಬೇಕು.